‘ಎಲ್ಲ ಮಕ್ಕಳೂ’ ಅಂದರೆ ಯಾವ ಮಕ್ಕಳು?

ಅಕ್ಟೋಬರ್ ಬಂತೆಂದರೆ ನಮ್ಮ ಬೀದಿಯ ಮನೆಗಳ ಮುಂದೆ ಎರಡು ಬಗೆಯ ಅಲಂಕಾರ ಕಾಣಿಸಿಕೊಳ್ಳುತ್ತದೆ. ಒಂದು ಹ್ಯಾಲೋವೀನ್ ಕುಂಬಳಕಾಯಿ, ಇನ್ನೊಂದು ಚುನಾವಣೆಯ ಬೋರ್ಡು. ಕುಂಬಳಕಾಯಿಯನ್ನು ಮಕ್ಕಳು ನಿಂತು ನೋಡುತ್ತಾರೆ. ಬೋರ್ಡುಗಳನ್ನು ದೊಡ್ಡವರೂ ಅಷ್ಟಾಗಿ ನೋಡುವುದಿಲ್ಲ. ನಾನಂತೂ ನೋಡುತ್ತಿರಲಿಲ್ಲ.

ನಾಲ್ಕು ವರ್ಷಗಳ ಹಿಂದೆ ಪೌರತ್ವ ಸಿಕ್ಕ ಮೇಲೆ ಮೊದಲ ಸಲ ಮತ ಹಾಕಲು ಹೋದಾಗ, ಬ್ಯಾಲೆಟ್ ಹಾಳೆಯನ್ನು ತಿರುಗಿಸಿದರೆ ಹಿಂಬದಿಯಲ್ಲಿ ‘ಸ್ಕೂಲ್ ಬೋರ್ಡ್’ ಅಂತ ಇತ್ತು. ಐದು ಹೆಸರುಗಳಲ್ಲಿ ಒಂದನ್ನೂ ನಾನು ಕೇಳಿರಲಿಲ್ಲ. ಹೆಸರಿನ ಪಕ್ಕ ಪಕ್ಷದ ಗುರುತೂ ಇರಲಿಲ್ಲ. ಯಾವ ಹೆಸರು ಓದಲು ಸುಲಭವಾಯಿತೋ ಅದರ ಮುಂದಿನ ಗುಂಡನೆಯ ಜಾಗ ತುಂಬಿ ಬಂದೆ. ಹೇಳಿಕೊಳ್ಳಲು ನಾಚಿಕೆ, ಆದರೆ ನಡೆದದ್ದು ಹೀಗೆ. ನಿಮ್ಮಲ್ಲೂ ಎಷ್ಟೋ ಜನ ಹೀಗೆ ಮಾಡಿರಬಹುದು.

ಈ ವರ್ಷ ಹಾಗೆ ಮಾಡಲಾಗಲಿಲ್ಲ. ಕಾರಣ ನನ್ನ ಎರಡನೆಯ ಮಗು.

ಎಂಟು ತಿಂಗಳ ಇಂಗ್ಲಿಷ್

ನಮ್ಮ ಮಗನಿಗೆ ಮೂರು ತುಂಬುವ ಹೊತ್ತಿಗೆ ಬರುತ್ತಿದ್ದದ್ದು ಹತ್ತು ಹನ್ನೆರಡು ಮಾತು. ಅಕ್ಕ, ಹಾಲು, ಆನೆ, ಬೇಡ. ಅಕ್ಕ ಆ ವಯಸ್ಸಿಗೆ ಕಥೆ ಹೇಳುತ್ತಿದ್ದಳು. ಅವನು ಬಿಟ್ಟುಬಂದ ಪ್ರಿಸ್ಕೂಲಿನಲ್ಲಿ ಒಬ್ಬರು ಪ್ರೀತಿಯಿಂದಲೇ ಹೇಳಿದರು: ಮಗುವಿಗೆ ಎರಡು ಭಾಷೆ ಭಾರವಾಗುತ್ತಿದೆ, ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ. ಹೆದರಿದ ಅಪ್ಪ ಅಮ್ಮ ಯಾವ ಮಾತನ್ನಾದರೂ ಕೇಳುತ್ತಾರೆ. ನಾವೂ ಕೇಳಿದೆವು.

ಆ ಬೇಸಿಗೆಯಲ್ಲಿ ಅತ್ತೆ ಹಾಸನದಿಂದ ಬಂದಿದ್ದರು. ಬಂದ ಮರುದಿನ ಬೆಳಿಗ್ಗೆ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಬಾ ಕಂದಾ, ಹಾಲು ಕುಡಿ" ಅಂದರು. ನಾನು ಅಡುಗೆಮನೆಯಿಂದಲೇ, "ಅತ್ತೆ, ಅವನ ಹತ್ರ ಕನ್ನಡ ಬೇಡ, ಡಾಕ್ಟರು ಹೇಳಿದಾರೆ" ಅಂದೆ. ಡಾಕ್ಟರು ಹೇಳಿರಲಿಲ್ಲ. "ಆಯ್ತಮ್ಮ" ಅಂದರು ಅತ್ತೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಆಮೇಲೆ ಎರಡು ತಿಂಗಳು ಅವನ ಜೊತೆ ಮಾತೇ ಆಡಲಿಲ್ಲ. ತಲೆ ಸವರುತ್ತಿದ್ದರು, ಅಷ್ಟೆ.

ಅಮೆರಿಕದಲ್ಲಿ ಮಗುವಿಗೆ ಮೂರು ತುಂಬಿದ ಮೇಲೆ ಇಂಥ ಪರೀಕ್ಷೆ ಮಾಡುವ ಹೊಣೆ ನಮ್ಮ ಸ್ಕೂಲ್ ಡಿಸ್ಟ್ರಿಕ್ಟಿನದು, ಅದಕ್ಕೆ ದುಡ್ಡು ಕೊಡಬೇಕಿಲ್ಲ ಎಂದು ನಮಗೆ ಹೇಳಿದ್ದು ಪಕ್ಕದ ಮನೆಯವರು. ಡಿಸ್ಟ್ರಿಕ್ಟಿನ ಸ್ಪೀಚ್ ಥೆರಪಿಸ್ಟ್ ಕೇಳಿದ ಮೊದಲ ಪ್ರಶ್ನೆ, "ನೀವು ಇವನನ್ನು ಮುದ್ದು ಮಾಡುವುದು ಯಾವ ಭಾಷೆಯಲ್ಲಿ?" ಕನ್ನಡದಲ್ಲಿ ಅಂದೆ. ಅಂದರೆ, ಮಾಡುತ್ತಿದ್ದದ್ದು ಕನ್ನಡದಲ್ಲಿ. ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತು ತಡವಾಗುವುದಿಲ್ಲ. ತೊಂದರೆ ಇದ್ದರೆ ಅದು ಎರಡೂ ಭಾಷೆಯಲ್ಲಿ ಇರುತ್ತದೆ. ಒಂದು ಭಾಷೆ ಕಿತ್ತುಕೊಂಡರೆ ತೊಂದರೆ ಹೋಗುವುದಿಲ್ಲ, ಅಜ್ಜಿ ಹೋಗುತ್ತಾರೆ.

ಆ ರಾತ್ರಿ ಅತ್ತೆಗೆ ಫೋನ್ ಮಾಡಿದೆ. ಏನು ಹೇಳಬೇಕೆಂದು ತಿಳಿಯದೆ ಮಗನ ಕಿವಿಗೆ ಫೋನ್ ಇಟ್ಟೆ.

ಈ ವರ್ಷ ಬಂದ ಪ್ರಶ್ನೆ

ಈಗ ಅವನು ಎರಡನೆಯ ತರಗತಿ. ದಿನದ ಹೆಚ್ಚಿನ ಹೊತ್ತು ಎಲ್ಲರ ಜೊತೆ ಸಾಮಾನ್ಯ ತರಗತಿಯಲ್ಲೇ ಇರುತ್ತಾನೆ. ಬೆಳಿಗ್ಗೆ ಒಬ್ಬ ಸಹಾಯಕಿ ಜೊತೆಗಿರುತ್ತಾರೆ. ವಾರಕ್ಕೆ ಎರಡು ಸಲ ಅರ್ಧ ಗಂಟೆ ಸ್ಪೀಚ್. ಇದೆಲ್ಲ ಅವನ ಐಇಪಿಯಲ್ಲಿ, ಅಂದರೆ ಅವನಿಗೆಂದೇ ಬರೆದ ವರ್ಷದ ಕಲಿಕಾ ಯೋಜನೆಯಲ್ಲಿ ಇದೆ.

ಈ ಸಲ ನಮ್ಮ ಡಿಸ್ಟ್ರಿಕ್ಟಿಗೆ ದುಡ್ಡಿನ ಕೊರತೆ. ವಿಶೇಷ ನೆರವು ಬೇಕಾದ ಮಕ್ಕಳನ್ನು ಊರಿನ ಇನ್ನೊಂದು ತುದಿಯ ಒಂದೇ ಶಾಲೆಗೆ ಸೇರಿಸಿದರೆ ಹೇಗೆ ಎಂಬ ಮಾತು ಎದ್ದಿದೆ. ಹಾಗಾದರೆ ನನ್ನ ಮಗ ಪಕ್ಕದ ಬೀದಿಯ ಗೆಳೆಯನ ಜೊತೆ ನಡೆದು ಹೋಗುವ ಶಾಲೆ ಬಿಟ್ಟು ಬೇರೆ ಬಸ್ಸು ಹತ್ತಬೇಕು. ಯಾವ ಮಗುವಿನ ಐಇಪಿಯಲ್ಲಿ ಏನಿರಬೇಕು ಅನ್ನುವುದನ್ನು ತೀರ್ಮಾನಿಸುವುದು ಶಿಕ್ಷಕರು ಮತ್ತು ಪೋಷಕರು ಕೂತ ಸಭೆ. ಆದರೆ ಆ ನೆರವು ಯಾವ ಕಟ್ಟಡದಲ್ಲಿ ಸಿಗುತ್ತದೆ, ಎಷ್ಟು ಸಹಾಯಕರ ಹುದ್ದೆ ಇರುತ್ತದೆ ಅನ್ನುವ ಬಜೆಟ್ಟಿಗೆ ಕೈ ಎತ್ತುವವರು ಸ್ಕೂಲ್ ಬೋರ್ಡಿನ ಸದಸ್ಯರು. ಅದೇ, ನಾನು ಹೆಸರು ಓದಲು ಸುಲಭವಾಯಿತೆಂದು ಆರಿಸಿದ ಸದಸ್ಯರು.

ಬೋರ್ಡಿಗೆ ಇಷ್ಟೊಂದು ಅಧಿಕಾರವೇ?

ನಮಗೆ ಇದು ಹೊಸದು. ನಾವು ಓದುವಾಗ ನಮ್ಮ ಅಪ್ಪ ಅಮ್ಮ ಶಾಲೆಗೆ ಬಂದದ್ದು ಪ್ರೋಗ್ರೆಸ್ ಕಾರ್ಡಿಗೆ ಸಹಿ ಹಾಕಲು, ಇಲ್ಲವೇ ನಮ್ಮ ತಂಟೆಯ ದೂರು ಕೇಳಲು. ಪಠ್ಯಪುಸ್ತಕ, ರಜೆ, ಪರೀಕ್ಷೆ ಎಲ್ಲವೂ ಬೆಂಗಳೂರಿನಿಂದ ಬರುತ್ತಿದ್ದವು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಪೋಷಕರೇ ಹೆಚ್ಚಿಗೆ ಇರುವ ಎಸ್‌ಡಿಎಂಸಿ ಸಮಿತಿಗಳು ಬಂದದ್ದು 2001ರಲ್ಲಿ. ಅಷ್ಟರಲ್ಲಿ ನಮ್ಮಲ್ಲಿ ಬಹಳ ಜನ ಶಾಲೆ ಮುಗಿಸಿಯಾಗಿತ್ತು.

ಅಮೆರಿಕದಲ್ಲಿ ಸುಮಾರು 13,000 ಸ್ಕೂಲ್ ಡಿಸ್ಟ್ರಿಕ್ಟುಗಳಿವೆ. ಬಹುಪಾಲು ಕಡೆ ಬೋರ್ಡನ್ನು ಊರಿನವರೇ ಆರಿಸುತ್ತಾರೆ. ನ್ಯೂಯಾರ್ಕ್ ನಗರದಂಥ ಕೆಲವು ಕಡೆ ಶಾಲೆಗಳು ಮೇಯರ್ ಕೈಯಲ್ಲಿವೆ. ಯಾವ ತರಗತಿಯಲ್ಲಿ ಏನು ಕಲಿತಿರಬೇಕು ಎಂಬ ಮಟ್ಟವನ್ನು ರಾಜ್ಯ ನಿಗದಿ ಮಾಡುತ್ತದೆ. ಸೂಪರಿಂಟೆಂಡೆಂಟರನ್ನು ನೇಮಿಸುವುದು, ಬಜೆಟ್ ಒಪ್ಪುವುದು, ಯಾವ ಬೀದಿ ಯಾವ ಶಾಲೆಗೆ ಎಂದು ಗೆರೆ ಎಳೆಯುವುದು, ರಜೆಯ ಪಟ್ಟಿ, ಅಡ್ವಾನ್ಸ್ಡ್ ತರಗತಿಗೆ ಸೇರಿಸುವ ನಿಯಮ, ಇವೆಲ್ಲ ಸಾಮಾನ್ಯವಾಗಿ ಬೋರ್ಡಿನ ಕೆಲಸ.

ಚುನಾವಣೆಯ ದಿನವೂ ಎಲ್ಲ ಕಡೆ ಒಂದೇ ಅಲ್ಲ. ವರ್ಜೀನಿಯಾದಲ್ಲಿ ನವೆಂಬರ್. ಟೆಕ್ಸಾಸ್‌ನ ಹಲವು ಕಡೆ ಮೇ. ನ್ಯೂಯಾರ್ಕ್ ರಾಜ್ಯದ ಬಹುಪಾಲು ಡಿಸ್ಟ್ರಿಕ್ಟುಗಳಲ್ಲಿ ಮೇ ತಿಂಗಳ ಮೂರನೆಯ ಮಂಗಳವಾರ, ಬಜೆಟ್ಟಿನ ಜೊತೆಗೇ. ಮೇ ತಿಂಗಳಲ್ಲಿ ಚುನಾವಣೆ ಇದೆ ಎಂದೇ ಗೊತ್ತಿಲ್ಲದವರು ಬಹಳ. ಮತ ಹಾಕುವವರು ಕಡಿಮೆಯಾದಷ್ಟೂ ಹಾಕಿದವರ ಮತಕ್ಕೆ ತೂಕ ಹೆಚ್ಚು.

ಹೈಸ್ಕೂಲಿನ ಕ್ಯಾಂಟೀನಿನಲ್ಲಿ ಒಂದು ಸಂಜೆ

"ರೀ, ಇವತ್ತು ಊಟ, ಹೋಂವರ್ಕು ನೀವು ನೋಡ್ಕೊಳ್ಳಿ, ನಾನು ಹೋಗ್ಬರ್ತೀನಿ" ಎಂದು ಮನೆಯವರಿಗೆ ಹೇಳಿ ಹೊರಟೆ. ಅಭ್ಯರ್ಥಿಗಳ ಸಭೆಗೆ ಬಂದವರು ನಲವತ್ತು ಜನ ಇರಬಹುದು. ವೇದಿಕೆಯ ಮೇಲೆ ಮೂವರು. ನಡೆಸಿಕೊಡುವವರು ಮೊದಲು ಕೇಳಿದ್ದೇ, "ನಿಮ್ಮ ಪ್ರಕಾರ ಇನ್‌ಕ್ಲೂಷನ್ ಅಂದರೇನು?"

ಮೂವರೂ ಹೇಳಿದ್ದು "ಎಲ್ಲ ಮಕ್ಕಳೂ". ಎಲ್ಲ ಮಕ್ಕಳೂ ನಮ್ಮವರು, ಎಲ್ಲ ಮಕ್ಕಳಿಗೂ ಅವಕಾಶ. ನಾನು ಬೆರಳು ಮಡಿಸುತ್ತಾ ಹೋದೆ, ಹನ್ನೊಂದು ಸಲ ಬಂತು. ಆ ಮಾತಿಗೆ ಇಲ್ಲ ಎನ್ನುವವರು ಯಾರಿದ್ದಾರೆ? ಹಾಗಾಗಿ ಆ ಮಾತಿನಿಂದ ಒಬ್ಬ ಅಭ್ಯರ್ಥಿಯನ್ನು ಇನ್ನೊಬ್ಬರಿಂದ ಬೇರೆ ಮಾಡಿ ನೋಡುವುದೂ ಆಗಲಿಲ್ಲ.

ನನ್ನ ಸರದಿ ಬಂದಾಗ ಕೈ ನಡುಗುತ್ತಿತ್ತು. ಬರೆದುಕೊಂಡು ಹೋಗಿದ್ದನ್ನು ಓದಿದೆ. "ನಮ್ಮ ಡಿಸ್ಟ್ರಿಕ್ಟಿನಲ್ಲಿ ಐಇಪಿ ಇರುವ ಮಕ್ಕಳಲ್ಲಿ ಎಷ್ಟು ಜನ ದಿನದ ಶೇ. 80ರಷ್ಟು ಹೊತ್ತು ಸಾಮಾನ್ಯ ತರಗತಿಯಲ್ಲಿ ಇರುತ್ತಾರೆ? ನಾಲ್ಕು ವರ್ಷದ ನಂತರ ಆ ಸಂಖ್ಯೆ ಎಷ್ಟಿರಬೇಕು ಅಂತ ನಿಮ್ಮ ಆಸೆ?"

ಈ ಶೇ. 80 ನಾನು ಕಟ್ಟಿದ ಲೆಕ್ಕವಲ್ಲ. 1975ಕ್ಕೆ ಮೊದಲು ಈ ದೇಶದಲ್ಲಿ ಅಂಗವೈಕಲ್ಯದ ಕಾರಣಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಶಾಲೆಯ ಹೊರಗೇ ಇದ್ದರು. ಆ ವರ್ಷ ಬಂದ ಕಾನೂನಿಗೆ ಈಗ ಐಡಿಇಎ ಎಂದು ಹೆಸರು. ಮಗುವನ್ನು ಉಳಿದ ಮಕ್ಕಳಿಂದ ಬೇರೆ ಕೂರಿಸುವುದು ಕೊನೆಯ ದಾರಿಯಾಗಬೇಕೇ ಹೊರತು ಮೊದಲನೆಯದಲ್ಲ ಎನ್ನುತ್ತದೆ ಅದು. ಇವತ್ತು ಸರ್ಕಾರಿ ಶಾಲೆಗಳಲ್ಲಿ 75 ಲಕ್ಷಕ್ಕೂ ಹೆಚ್ಚು ಮಕ್ಕಳು, ಅಂದರೆ ನೂರರಲ್ಲಿ ಸುಮಾರು ಹದಿನೈದು ಮಕ್ಕಳು, ಈ ಕಾನೂನಿನ ಅಡಿ ನೆರವು ಪಡೆಯುತ್ತಾರೆ. ಅವರಲ್ಲಿ ಮೂರರಲ್ಲಿ ಎರಡು ಪಾಲು ದಿನದ ಶೇ. 80 ಅಥವಾ ಹೆಚ್ಚು ಹೊತ್ತು ಸಾಮಾನ್ಯ ತರಗತಿಯಲ್ಲಿ ಇರುತ್ತಾರೆ. ಈ ಲೆಕ್ಕವನ್ನು ಡಿಸ್ಟ್ರಿಕ್ಟುವಾರು ರಾಜ್ಯಗಳು ಪ್ರಕಟಿಸುತ್ತವೆ. ಬೋರ್ಡಿಗೆ ನಿಲ್ಲುವವರು ಅದನ್ನು ಒಮ್ಮೆ ನೋಡಿರಬೇಕು ಎಂದುಕೊಳ್ಳುವುದು ಹೆಚ್ಚಿನ ಆಸೆಯೇನಲ್ಲ.

ಮೊದಲನೆಯವರು ನಿವೃತ್ತ ಶಿಕ್ಷಕಿ. ಅವರಿಗೆ ಸಂಖ್ಯೆ ಗೊತ್ತಿರಲಿಲ್ಲ, ತರಗತಿ ಗೊತ್ತಿತ್ತು. "ಇಪ್ಪತ್ತೆಂಟು ಮಕ್ಕಳಿರುವ ಕೋಣೆಗೆ ಇನ್ನೊಬ್ಬ ದೊಡ್ಡವರನ್ನು ಕಳಿಸದೆ ಇದನ್ನು ಇನ್‌ಕ್ಲೂಷನ್ ಅನ್ನಬೇಡಿ, ಅದು ಮಗುವನ್ನೂ ಶಿಕ್ಷಕರನ್ನೂ ಕೈಬಿಟ್ಟ ಹಾಗೆ" ಅಂದರು. ಸಹಾಯಕರ ಹುದ್ದೆ ಉಳಿಸುತ್ತೇನೆ ಅಂದರು. ಬದಲಿಗೆ ಯಾವ ಖರ್ಚು ಕಡಿಮೆ ಮಾಡುತ್ತೀರಿ ಎಂದರೆ ಉತ್ತರ ಬರಲಿಲ್ಲ.

ಎರಡನೆಯವರು ಲೆಕ್ಕಪತ್ರದ ಕೆಲಸದವರು. ಅವರ ಉತ್ತರ ನನಗೆ ಇಷ್ಟವಾಗಲಿಲ್ಲ. ಒಂದೇ ಶಾಲೆಗೆ ಸೇರಿಸುವುದೇ ಸರಿ, ಥೆರಪಿಸ್ಟರು ಕಾರಿನಲ್ಲಿ ಓಡಾಡುವ ಹೊತ್ತು ಮಕ್ಕಳಿಗೆ ಸಿಗುತ್ತದೆ ಅಂದರು. ಆದರೆ ಅವರು ಬಜೆಟ್ ಓದಿಕೊಂಡು ಬಂದಿದ್ದರು. 1975ರ ಕಾನೂನು ಮಾಡುವಾಗ, ಇಂಥ ಪ್ರತಿ ಮಗುವಿಗೆ ರಾಷ್ಟ್ರದ ಸರಾಸರಿ ಶಾಲಾ ಖರ್ಚಿನ ಶೇ. 40ರವರೆಗೆ ಕೊಡುತ್ತೇವೆ ಎಂದು ವಾಷಿಂಗ್ಟನ್ ಮಾತು ಕೊಟ್ಟಿತ್ತು. ಸಾಮಾನ್ಯ ವರ್ಷಗಳಲ್ಲಿ ಬಂದದ್ದು ಅದರ ಅರ್ಧಕ್ಕಿಂತ ಕಡಿಮೆ. ಉಳಿದದ್ದು ರಾಜ್ಯದ ಮತ್ತು ನಮ್ಮ ಮನೆ ತೆರಿಗೆಯ ದುಡ್ಡು. ಇದನ್ನು ಆ ಸಂಜೆ ಹೇಳಿದವರು ಅವರೊಬ್ಬರೇ.

ಮೂರನೆಯವರು ಚಿಕ್ಕ ಮಕ್ಕಳ ತಂದೆ. ಬಹಳ ಚೆನ್ನಾಗಿ ಮಾತಾಡಿದರು. ನನ್ನ ಕಣ್ಣಲ್ಲಿ ನೀರು ಬರುವಷ್ಟು. ಮನೆಗೆ ಬಂದು ಬರೆದುಕೊಂಡದ್ದನ್ನು ತೆರೆದರೆ ಅವರ ಹೆಸರಿನ ಮುಂದೆ ಒಂದೇ ಮಾತಿತ್ತು: ಎಲ್ಲ ಮಕ್ಕಳೂ.

"ನಿಮ್ಮ ಪ್ರಶ್ನೆ ಬೇರೆ, ನಮ್ಮದು ಬೇರೆ"

ನನ್ನ ಪಕ್ಕ ಕೂತಿದ್ದವರು ಕನ್ನಡ ಕೂಟದಲ್ಲಿ ಪರಿಚಯವಾದವರು. ಅವರು ಕೇಳಿದ್ದು ಅಡ್ವಾನ್ಸ್ಡ್ ಗಣಿತದ ಬಗ್ಗೆ. ಎಲ್ಲರಿಗೂ ಒಂದೇ ಗಣಿತ ಮಾಡುತ್ತೀರಾ, ಮುಂದೆ ಓಡುವ ಮಕ್ಕಳ ಗತಿ ಏನು? ಜೋರಾಗಿ ಚಪ್ಪಾಳೆ ಬಂತು. ಪಾರ್ಕಿಂಗ್‌ನಲ್ಲಿ ಅವರು, "ಬೇಜಾರು ಮಾಡ್ಕೋಬೇಡಿ, ನಿಮ್ಮ ಪ್ರಶ್ನೆ ಬೇರೆ, ನಮ್ಮದು ಬೇರೆ" ಅಂದರು.

ಬೇಜಾರೇನಿಲ್ಲ. ನನ್ನ ಮಗಳು ಏಳನೆಯ ತರಗತಿ, ಅದೇ ಅಡ್ವಾನ್ಸ್ಡ್ ಗಣಿತದಲ್ಲಿದ್ದಾಳೆ. ಎರಡು ಪ್ರಶ್ನೆಯೂ ನಮ್ಮ ಮನೆಯಲ್ಲೇ ಒಂದೇ ಮೇಜಿನ ಮೇಲೆ ಹೋಂವರ್ಕ್ ಮಾಡುತ್ತವೆ. ಹಾಗಾಗಿ ಯೋಚಿಸುತ್ತಾ ಬಂದೆ.

ಈ ಜಗಳಕ್ಕೆ ನಮ್ಮವರಿಗೆಲ್ಲ ಗೊತ್ತಿರುವ ಉದಾಹರಣೆ ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಯದು. ಅಲ್ಲಿನ ಥಾಮಸ್ ಜೆಫರ್ಸನ್ ಹೈಸ್ಕೂಲ್ ವಿಜ್ಞಾನ, ತಂತ್ರಜ್ಞಾನಕ್ಕೆ ಹೆಸರಾದ ಶಾಲೆ. 2020ರ ಕೊನೆಯಲ್ಲಿ ಹನ್ನೆರಡು ಸದಸ್ಯರ ಬೋರ್ಡು ಅಲ್ಲಿನ ಪ್ರವೇಶ ಪರೀಕ್ಷೆಯನ್ನೂ 100 ಡಾಲರ್ ಅರ್ಜಿ ಶುಲ್ಕವನ್ನೂ ತೆಗೆಯಿತು. ಪ್ರತಿ ಸರ್ಕಾರಿ ಮಿಡ್ಲ್ ಸ್ಕೂಲಿಗೂ ಅದರ ಎಂಟನೆಯ ತರಗತಿಯ ಶೇ. 1.5ರಷ್ಟು ಸೀಟು ಮೀಸಲಿಟ್ಟಿತು. ಮೊದಲ ವರ್ಷವೇ ಬಡ ಕುಟುಂಬದ ಮಕ್ಕಳ ಪಾಲು ಶೇ. 1ಕ್ಕಿಂತ ಕೆಳಗಿದ್ದದ್ದು ಶೇ. 25ಕ್ಕೆ ಏರಿತು. ಏಷ್ಯನ್ ಮಕ್ಕಳ ಪಾಲು ಶೇ. 73ರಿಂದ ಶೇ. 54ಕ್ಕೆ ಇಳಿಯಿತು. ಪೋಷಕರ ಒಂದು ಗುಂಪು ನ್ಯಾಯಾಲಯಕ್ಕೆ ಹೋಯಿತು. 2022ರಲ್ಲಿ ಅವರು ಗೆದ್ದರು, 2023ರಲ್ಲಿ ಮೇಲ್ಮನವಿಯಲ್ಲಿ ಬೋರ್ಡು ಗೆದ್ದಿತು, 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಪ್ರಕರಣ ಕೈಗೆತ್ತಿಕೊಳ್ಳಲಿಲ್ಲ.

ಈ ನಿರ್ಧಾರ ಸರಿಯೋ ತಪ್ಪೋ ಎಂಬುದರಲ್ಲಿ ನಮ್ಮ ಗೆಳೆಯರ ಬಳಗದಲ್ಲೇ ಎರಡು ಪಕ್ಷ. ರಾತ್ರಿ ಹನ್ನೊಂದರವರೆಗೆ ಓದಿದ ಮಗುವಿನ ಅಮ್ಮನ ಸಂಕಟ ನನಗೆ ಅರ್ಥವಾಗುತ್ತದೆ. ಕೋಚಿಂಗಿಗೆ ದುಡ್ಡಿಲ್ಲದ ಮಗುವಿನ ಅಮ್ಮನದೂ ಅರ್ಥವಾಗುತ್ತದೆ. ನಾನು ಗಮನಿಸಿದ್ದು ಬೇರೆ. ಅಲ್ಲಿ ಸೀಟು ಇಷ್ಟೇ ಎಂದು ಎಣಿಸಿಟ್ಟಿದ್ದವು, ಒಬ್ಬರಿಗೆ ಸಿಕ್ಕರೆ ಇನ್ನೊಬ್ಬರಿಗೆ ಇಲ್ಲ. ನನ್ನ ಮಗ ಸಾಮಾನ್ಯ ತರಗತಿಯಲ್ಲಿ ಕೂತರೆ ಯಾರ ಸೀಟೂ ಹೋಗುವುದಿಲ್ಲ. ಅಲ್ಲಿ ಬೇಕಾದದ್ದು ಇನ್ನೊಬ್ಬ ದೊಡ್ಡವರು. ಎರಡಕ್ಕೂ ಇನ್‌ಕ್ಲೂಷನ್ ಎಂದು ಒಂದೇ ಹೆಸರಿಟ್ಟು, ಒಂದರ ಸಿಟ್ಟನ್ನು ಇನ್ನೊಂದರ ಮೇಲೆ ತೀರಿಸಿಕೊಳ್ಳುವುದು ಬೇಡ. ಅಭ್ಯರ್ಥಿ ‘ಇನ್‌ಕ್ಲೂಷನ್’ ಅಂದಾಗ ಯಾವುದರ ಬಗ್ಗೆ ಹೇಳುತ್ತಿದ್ದೀರಿ ಎಂದು ಕೇಳಬೇಕು. ಸೀಟೇ, ಸಹಾಯಕರೇ, ಭಾಷೆಯೇ, ಪುಸ್ತಕವೇ?

ಪುಸ್ತಕದ ಮಾತೂ ಈಗ ಬಂದೇ ಬರುತ್ತದೆ. ಮೇರಿಲ್ಯಾಂಡಿನ ಮಾಂಟ್ಗೊಮರಿ ಕೌಂಟಿಯಲ್ಲಿ ಸಲಿಂಗ ಪ್ರೇಮದ, ಲಿಂಗ ಗುರುತಿನ ಪಾತ್ರಗಳಿರುವ ಕಥೆ ಪುಸ್ತಕಗಳನ್ನು ಚಿಕ್ಕ ಮಕ್ಕಳ ತರಗತಿಗೆ ತಂದರು. ಮಗುವನ್ನು ಆ ಪಾಠದಿಂದ ಹೊರಗಿಡಲು ಪೋಷಕರಿಗೆ ಕೊಟ್ಟಿದ್ದ ಅವಕಾಶವನ್ನು ಆಮೇಲೆ ತೆಗೆದರು. ಧಾರ್ಮಿಕ ಕಾರಣ ಹೇಳಿ ಕೋರ್ಟಿಗೆ ಹೋದ ಪೋಷಕರ ಪರವಾಗಿ 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಇದರಲ್ಲೂ ಎಲ್ಲರ ಮನಸ್ಸು ಒಂದಲ್ಲ. ಆದರೆ ಅಭ್ಯರ್ಥಿಗಳ ಸಭೆ ಇಡೀ ಇದೊಂದರ ಸುತ್ತಲೇ ತಿರುಗಿದರೆ ಬಸ್ಸು, ಬಜೆಟ್ಟು, ಸಹಾಯಕರ ಮಾತಿಗೆ ಹೊತ್ತೇ ಉಳಿಯುವುದಿಲ್ಲ.

ನಾವೇ ಬರೆದ ಒಂದು ಸುಳ್ಳು

ಇನ್ನು ನಮ್ಮ ಭಾಷೆಯ ವಿಚಾರ. ಮಗಳನ್ನು ಕಿಂಡರ್‌ಗಾರ್ಟನ್‌ಗೆ ಸೇರಿಸುವಾಗ ಒಂದು ಫಾರ್ಮ್ ಕೊಟ್ಟಿದ್ದರು. ಮನೆಯಲ್ಲಿ ಆಡುವ ಭಾಷೆ ಯಾವುದು? ಮಗು ಮೊದಲು ಕಲಿತ ಭಾಷೆ ಯಾವುದು? ನಾವು ಎರಡಕ್ಕೂ ಇಂಗ್ಲಿಷ್ ಎಂದು ಬರೆದೆವು. ಕನ್ನಡ ಎಂದು ಬರೆದರೆ ಇಎಸ್ಎಲ್‌ಗೆ ಹಾಕುತ್ತಾರೆ, ಮಗು ಹಿಂದೆ ಬೀಳುತ್ತದೆ ಎಂದು ವಾಟ್ಸಾಪ್ ಗುಂಪಿನಲ್ಲಿ ಯಾರೋ ಹೆದರಿಸಿದ್ದರು.

ನಡೆಯುವುದು ಹೀಗೆ. ಬೇರೆ ಭಾಷೆ ಬರೆದರೆ ಮಗುವಿಗೆ ಒಂದು ಇಂಗ್ಲಿಷ್ ಪರೀಕ್ಷೆ ಕೊಡುತ್ತಾರೆ. ಚೆನ್ನಾಗಿ ಮಾಡಿದರೆ ಮಾತು ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ನೆರವು ಕೊಡಬೇಕು. ಆ ನೆರವಿನ ತರಗತಿ ಬೇಡ ಎನ್ನುವ ಹಕ್ಕು ಪೋಷಕರಿಗಿದೆ, ವರ್ಷಕ್ಕೊಮ್ಮೆಯ ಪರೀಕ್ಷೆ ಮಾತ್ರ ತಪ್ಪುವುದಿಲ್ಲ. ಈ ನೆರವಿನ ಹಿಂದೆ ದೊಡ್ಡ ಹೋರಾಟವಿದೆ. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಭಾಷೆಯ ಮಕ್ಕಳ ಪ್ರಕರಣದಲ್ಲಿ 1974ರಲ್ಲಿ ಸುಪ್ರೀಂ ಕೋರ್ಟು, ಅರ್ಥವಾಗದ ಭಾಷೆಯಲ್ಲಿ ಎಲ್ಲರಿಗೂ ಒಂದೇ ಪುಸ್ತಕ ಕೊಟ್ಟರೆ ಅದು ಸಮಾನತೆಯಲ್ಲ ಎಂಬ ಅರ್ಥದ ತೀರ್ಪು ಕೊಟ್ಟಿತ್ತು. ಇವತ್ತು ದೇಶದಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಇಂಗ್ಲಿಷ್ ಕಲಿಯುವವರ ಪಟ್ಟಿಯಲ್ಲಿದ್ದಾರೆ.

ನಮ್ಮ ಸುಳ್ಳಿನ ಬೆಲೆ ಆಮೇಲೆ ಗೊತ್ತಾಯಿತು. ವಾರಾಂತ್ಯದ ಕನ್ನಡ ತರಗತಿಗೆ ಹೈಸ್ಕೂಲ್ ಕ್ರೆಡಿಟ್ ಕೊಡಿ ಎಂದು ನಾವು ಕೆಲವರು ಡಿಸ್ಟ್ರಿಕ್ಟಿಗೆ ಹೋದೆವು. "ನಮ್ಮ ದಾಖಲೆಯಲ್ಲಿ ಕನ್ನಡದ ಮನೆಗಳು ನಾಲ್ಕೇ ಇವೆಯಲ್ಲ" ಅಂದರು. ನಮ್ಮ ರಾಜ್ಯೋತ್ಸವಕ್ಕೆ ಊಟಕ್ಕೆ ಕೂರುವವರೇ ಇನ್ನೂರು ಜನ. ನಮ್ಮನ್ನು ಲೆಕ್ಕದಿಂದ ಹೊರಗಿಟ್ಟವರು ಬೇರೆ ಯಾರೂ ಅಲ್ಲ, ನಾವೇ.

ಮಗನ ವಿಷಯದಲ್ಲಿ ಇದು ಇನ್ನೂ ಮುಖ್ಯ. ಸ್ಪೆಷಲ್ ಎಜುಕೇಷನ್ ಪರೀಕ್ಷೆಯನ್ನು ಸಾಧ್ಯವಿದ್ದಷ್ಟೂ ಮಗುವಿನ ಭಾಷೆಯಲ್ಲೇ ಮಾಡಬೇಕು, ಇಂಗ್ಲಿಷ್ ಬಾರದ್ದನ್ನೇ ಅಂಗವೈಕಲ್ಯ ಎಂದು ಬರೆಯಬಾರದು ಎಂದು ಕಾನೂನು ಹೇಳುತ್ತದೆ. ಐಇಪಿ ಸಭೆಯಲ್ಲಿ ತಾಯಿ ತಂದೆಗೆ ಬೇಕಿದ್ದರೆ ದುಭಾಷಿಯನ್ನು ಶಾಲೆಯೇ ಒದಗಿಸಬೇಕು. ಮನೆಭಾಷೆ ಇಂಗ್ಲಿಷ್ ಎಂದು ನಾವೇ ಬರೆದುಕೊಟ್ಟರೆ ಇದನ್ನೆಲ್ಲ ಯಾವ ಬಾಯಲ್ಲಿ ಕೇಳುವುದು? ಮಗನ ಫಾರ್ಮಿನಲ್ಲಿ ಕನ್ನಡ ಎಂದು ಬರೆದೆ.

ಕೇಳಬೇಕಾದ ಪ್ರಶ್ನೆಗಳು

ಮುಂದಿನ ಸಲ ಅಭ್ಯರ್ಥಿ ಬಾಗಿಲಿಗೆ ಬಂದಾಗ, ಇಲ್ಲವೇ ಸಭೆಯಲ್ಲಿ ಸಿಕ್ಕಾಗ ಇವುಗಳಲ್ಲಿ ಒಂದನ್ನಾದರೂ ಕೇಳಿ. ಹೌದು ಅಥವಾ ಇಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಲಾಗದ ಹಾಗೆ ಕೇಳಿ.

1. ಐಇಪಿ ಇರುವ ಮಕ್ಕಳಲ್ಲಿ ಎಷ್ಟು ಪಾಲು ಸಾಮಾನ್ಯ ತರಗತಿಯಲ್ಲಿದ್ದಾರೆ? ಅವರ ಜೊತೆ ಎಷ್ಟು ಸಹಾಯಕರಿದ್ದಾರೆ? ಆ ಹುದ್ದೆಗಳಲ್ಲಿ ಎಷ್ಟು ಖಾಲಿ?

2. ದುಡ್ಡು ಕಡಿಮೆಯಾದರೆ ಮೊದಲು ಏನನ್ನು ಕಡಿತ ಮಾಡುತ್ತೀರಿ, ಯಾವುದನ್ನು ಮುಟ್ಟುವುದಿಲ್ಲ?

3. ಪರೀಕ್ಷೆಗೆ ಒಪ್ಪಿಗೆ ಕೊಟ್ಟ ಮೇಲೆ 60 ದಿನದಲ್ಲಿ ಮುಗಿಸಬೇಕು ಎಂದು ಕೇಂದ್ರದ ನಿಯಮ. ರಾಜ್ಯ ಬೇರೆ ಗಡುವು ಇಟ್ಟಿದ್ದರೆ ಅದು. ನಮ್ಮ ಡಿಸ್ಟ್ರಿಕ್ಟ್ ಅದನ್ನು ಪಾಲಿಸುತ್ತಿದೆಯೇ?

4. ಅಡ್ವಾನ್ಸ್ಡ್ ತರಗತಿಗೆ ಮಗುವನ್ನು ಆರಿಸುವುದು ಹೇಗೆ? ಪೋಷಕರು ಅರ್ಜಿ ಹಾಕಿದರೆ ಮಾತ್ರವೇ, ಅಥವಾ ಎಲ್ಲ ಮಕ್ಕಳನ್ನೂ ಪರೀಕ್ಷಿಸುತ್ತೀರಾ? ಐಇಪಿ ಇರುವ ಮಗುವಿಗೆ, ಇಂಗ್ಲಿಷ್ ಕಲಿಯುತ್ತಿರುವ ಮಗುವಿಗೆ ಆ ಬಾಗಿಲು ತೆರೆದಿದೆಯೇ?

5. ಮನೆಭಾಷೆಯಲ್ಲಿ ಓದು ಬರಹ ಬರುವ ಮಗುವಿಗೆ ಕ್ರೆಡಿಟ್ ಕೊಡುತ್ತೀರಾ? 2011ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಮಾಡಿದ ‘ಸೀಲ್ ಆಫ್ ಬೈಲಿಟರಸಿ’ ಈಗ ಬಹುತೇಕ ಎಲ್ಲ ರಾಜ್ಯಗಳಲ್ಲಿದೆ. ನಮ್ಮಲ್ಲಿ ಕನ್ನಡದ ಪರೀಕ್ಷೆಯನ್ನು ಒಪ್ಪುತ್ತೀರಾ?

6. ರಜೆಯ ಪಟ್ಟಿಯನ್ನು ಹೇಗೆ ತೀರ್ಮಾನಿಸುತ್ತೀರಿ? ನ್ಯೂಯಾರ್ಕ್ ನಗರದ ಶಾಲೆಗಳಿಗೆ ದೀಪಾವಳಿ ರಜೆ ಸಿಕ್ಕಿದ್ದು 2023ರ ರಾಜ್ಯ ಕಾನೂನಿನಿಂದ. ಎಷ್ಟೋ ಉಪನಗರಗಳಲ್ಲಿ ಅದನ್ನು ಬೋರ್ಡೇ ಕೊಡಬಹುದು.

ಮತ ಇಲ್ಲದವರು ಏನು ಮಾಡಬೇಕು?

ಎಚ್-1ಬಿಯಲ್ಲಿ, ಗ್ರೀನ್ ಕಾರ್ಡಿನಲ್ಲಿ ಇರುವ ಓದುಗರು ಇಷ್ಟು ಹೊತ್ತಿಗೆ "ನಮಗೇನು?" ಎನ್ನುತ್ತಿರಬಹುದು. ಮೊದಲು ಎಚ್ಚರಿಕೆ: ಪೌರರಲ್ಲದವರು ಮತದಾರರ ಪಟ್ಟಿಗೆ ಸೇರಬಾರದು, ಮತ ಹಾಕಬಾರದು. ಡಿಎಂವಿಯಲ್ಲಿ ಯಾರೋ ಫಾರ್ಮ್ ಮುಂದಿಟ್ಟರು ಎಂದು ಸಹಿ ಹಾಕಿದರೂ ಮುಂದೆ ವೀಸಾ, ಪೌರತ್ವಕ್ಕೆ ಕುತ್ತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2016ರ ಜನಮತದ ನಂತರ ಪೌರರಲ್ಲದ ಪೋಷಕರಿಗೂ ಸ್ಕೂಲ್ ಬೋರ್ಡಿಗೆ ಮತ ಹಾಕುವ ಅವಕಾಶ ಬಂದಿದೆ. ಅಂಥ ಅಪರೂಪದ ಕಡೆ ಕೂಡ ವಕೀಲರನ್ನು ಕೇಳಿಯೇ ಮುಂದುವರಿಯಿರಿ. ಇನ್ನೊಂದು ವಿಷಯ, ಗ್ರೀನ್ ಕಾರ್ಡ್ ಇಲ್ಲದವರು ಯಾವ ಅಭ್ಯರ್ಥಿಗೂ ಹಣ ಕೊಡುವಂತಿಲ್ಲ. ಸ್ಕೂಲ್ ಬೋರ್ಡಿಗೂ ಅದೇ ನಿಯಮ.

ಆದರೆ ಮಾತಿಗೆ ಪೌರತ್ವ ಬೇಕಿಲ್ಲ. ಹೆಚ್ಚಿನ ಬೋರ್ಡುಗಳ ಸಭೆಯಲ್ಲಿ ಸಾರ್ವಜನಿಕರಿಗೆ ಎರಡು ಮೂರು ನಿಮಿಷ ಮಾತಾಡಲು ಬಿಡುತ್ತಾರೆ. ಮುಂಚೆ ಹೆಸರು ಕೊಟ್ಟಿರಬೇಕು, ಅಷ್ಟೆ. ಪೋಷಕರ ಸಲಹಾ ಸಮಿತಿಗಳಿರುತ್ತವೆ, ಸ್ಪೆಷಲ್ ಎಜುಕೇಷನ್‌ಗೆ ಹಲವು ಕಡೆ ಬೇರೆಯದೇ ಸಮಿತಿ ಇರುತ್ತದೆ. ಅಭ್ಯರ್ಥಿಗೆ ಇಮೇಲ್ ಬರೆಯಬಹುದು. ಬ್ರಿಟನ್ನಿನ ಓದುಗರಿಗೆ ದಾರಿ ಇನ್ನೂ ಹತ್ತಿರ. ಅಲ್ಲಿ ಶಾಲೆಯ ಪೇರೆಂಟ್ ಗವರ್ನರ್ ಆಗಲು ನಿಲ್ಲುವುದಕ್ಕೂ ಆರಿಸುವುದಕ್ಕೂ ಮಗು ಆ ಶಾಲೆಯಲ್ಲಿ ಓದುತ್ತಿರುವುದೇ ಅರ್ಹತೆ, ಪಾಸ್‌ಪೋರ್ಟ್ ಅಲ್ಲ.

ಕೊನೆಗೆ

ನಾನು ಯಾರಿಗೆ ಮತ ಹಾಕುತ್ತೇನೆ ಎಂದು ಇಲ್ಲಿ ಬರೆಯುವುದಿಲ್ಲ. ಸಭೆಯ ಮರುದಿನ ಲೆಕ್ಕಪತ್ರದ ಅಭ್ಯರ್ಥಿಗೆ ಒಂದು ಇಮೇಲ್ ಬರೆದೆ. ಥೆರಪಿಸ್ಟರ ಓಡಾಟ ಉಳಿಯುತ್ತದೆ ನಿಜ, ಆದರೆ ನನ್ನ ಮಗ ಮಾತು ಕಲಿಯುತ್ತಿರುವುದು ಥೆರಪಿಸ್ಟರ ಅರ್ಧ ಗಂಟೆಯಲ್ಲಿ ಮಾತ್ರವಲ್ಲ, ಊಟದ ಮೇಜಿನಲ್ಲಿ ಪಕ್ಕ ಕೂರುವ ಗೆಳೆಯನಿಂದ. ಆ ಗೆಳೆಯನನ್ನೂ ಬಸ್ಸಿನಲ್ಲಿ ಕಳಿಸುತ್ತೀರಾ ಎಂದು ಕೇಳಿದೆ. ಮೂರು ದಿನದ ಮೇಲೆ ಉತ್ತರ ಬಂತು. "ನಾನು ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಶಾಲೆಗೆ ಹೋಗಿ ಒಂದು ದಿನ ಕೂತು ನೋಡುತ್ತೇನೆ" ಎಂದಿದ್ದರು. ಹೋಗುತ್ತಾರೋ ಇಲ್ಲವೋ, ಮತದಾನಕ್ಕೆ ಮುಂಚೆ ಇನ್ನೊಮ್ಮೆ ಕೇಳುತ್ತೇನೆ.

ಕಳೆದ ಭಾನುವಾರ ಅತ್ತೆಯ ಫೋನ್ ಬಂದಾಗ ನಾನು ಪಾತ್ರೆ ತೊಳೆಯುತ್ತಿದ್ದೆ. ಮಗನೇ ಎತ್ತಿದ. "ಅಜ್ಜಿ, ತಿಂಡಿ ಆಯ್ತಾ?" ಅಂದ. ನಿಧಾನವಾಗಿ, ಒಂದೊಂದೇ ಮಾತು ಜೋಡಿಸಿ. ಆ ಕಡೆಯಿಂದ ಅತ್ತೆ ಏನೇನು ತಿಂದರೆಂದು ಹತ್ತು ನಿಮಿಷ ಹೇಳಿದರು.

ನಿಮ್ಮ ಡಿಸ್ಟ್ರಿಕ್ಟಿನಲ್ಲಿ ಚುನಾವಣೆ ಯಾವಾಗ ಎಂದು ಇವತ್ತೇ ನೋಡಿ ಕ್ಯಾಲೆಂಡರಿಗೆ ಹಾಕಿಕೊಳ್ಳಿ. ನೀವು ಕೇಳಿದ ಪ್ರಶ್ನೆ, ನಿಮಗೆ ಸಿಕ್ಕ ಉತ್ತರ ಬರೆದು ಕಳಿಸಿ. ಮುಂದಿನ ತಿಂಗಳು ಅವುಗಳಲ್ಲಿ ಕೆಲವನ್ನು ಇಟ್ಟುಕೊಂಡು ಮಾತಾಡೋಣ.